ಸಣ್ಣ ಕಾರಿನ ಬೆಲೆ ಇಳಿಯಿತು. ಸರ್ವಿಸ್ ಸ್ಟೇಷನ್ನಿನ ದೂರ ಇಳಿಯಲಿಲ್ಲ

2025ರ ಸೆಪ್ಟೆಂಬರ್ 22ರಂದು ಜಾರಿಗೆ ಬಂದ ಜಿಎಸ್‌ಟಿ ಪರಿಷ್ಕರಣೆ ಸಣ್ಣ ಕಾರುಗಳ ಬೆಲೆಯನ್ನು ಗಣನೀಯವಾಗಿ ತಗ್ಗಿಸಿತು. ಅದುವರೆಗೆ ಶೇ. 28ರ ತೆರಿಗೆಯ ಮೇಲೆ ಶೇ. 1ರಿಂದ 3ರಷ್ಟು ಸೆಸ್ ತೆರುತ್ತಿದ್ದ ಗ್ರಾಹಕ ಈಗ ಶೇ. 18 ತೆತ್ತರೆ ಸಾಕು. ನಾಲ್ಕು ಮೀಟರ್ ಮೀರದ ಉದ್ದ, ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಒಳಗಿನ ಎಂಜಿನ್ ಇರುವ ಕಾರುಗಳಿಗೆ ಈ ರಿಯಾಯಿತಿ ಅನ್ವಯ. ಅಡಿಕೆ ಕೊಯ್ಲಿನ ಹಣವೋ ಮೆಕ್ಕೆಜೋಳದ ಹಣವೋ ಕೈಗೆ ಬರುವ ಹೊತ್ತಿನಲ್ಲಿ ಬೈಕಿನಿಂದ ಕಾರಿಗೆ ಏರುವ ಲೆಕ್ಕಾಚಾರ ಶಿಕಾರಿಪುರ, ಸೊರಬ ತಾಲ್ಲೂಕುಗಳ ಅನೇಕ ಮನೆಗಳಲ್ಲಿ ನಡೆಯುವುದು ಸಹಜವೇ.

ಆದರೆ ಈ ಲೆಕ್ಕಾಚಾರ ಸಾಮಾನ್ಯವಾಗಿ ಎರಡೇ ಪ್ರಶ್ನೆಗಳ ಸುತ್ತ ಸುತ್ತುತ್ತದೆ. ಆನ್‌ರೋಡ್ ಎಷ್ಟು? ಮೈಲೇಜ್ ಎಷ್ಟು? ಬೆಂಗಳೂರಿನ ಗ್ರಾಹಕನಿಗೆ ಇವೆರಡೇ ಸಾಕಾಗಬಹುದು; ಕಾರು ಕೆಟ್ಟರೆ ಅವನ ಬಡಾವಣೆಯಲ್ಲೇ ಸರ್ವಿಸ್ ಸ್ಟೇಷನ್ ಇರುತ್ತದೆ. ಚಂದ್ರಗುತ್ತಿಯ, ಉಳವಿಯ, ಶಿರಾಳಕೊಪ್ಪದ ಗ್ರಾಹಕನ ಸ್ಥಿತಿ ಬೇರೆ. ದೊಡ್ಡ ಕಂಪನಿಗಳ ಪೂರ್ಣಪ್ರಮಾಣದ ಷೋರೂಂ, ಬಾಡಿಷಾಪ್, ಬಿಡಿಭಾಗಗಳ ದಾಸ್ತಾನು ಹುಡುಕಿದರೆ ದಾರಿ ಕೊನೆಗೆ ಶಿವಮೊಗ್ಗಕ್ಕೇ ಹೋಗುತ್ತದೆ. ಶಿಕಾರಿಪುರದಿಂದ ಸುಮಾರು 50 ಕಿ.ಮೀ. ಸೊರಬದಿಂದಾದರೆ ಮೊದಲು 30 ಕಿ.ಮೀ. ದಾಟಿ ಸಾಗರ, ಅಲ್ಲಿಂದ ಮತ್ತೆ 70 ಕಿ.ಮೀ.

ಇದನ್ನು ರೂಪಾಯಿಗೆ ಇಳಿಸಿ ನೋಡೋಣ. ಸೊರಬದಿಂದ ಶಿವಮೊಗ್ಗಕ್ಕೆ ಹೋಗಿ ಬರಲು 200 ಕಿ.ಮೀ. ಲೀಟರಿಗೆ 20 ಕಿ.ಮೀ. ಕೊಡುವ ಕಾರಾದರೆ 10 ಲೀಟರ್ ಪೆಟ್ರೋಲ್. ಲೀಟರಿಗೆ ನೂರು ರೂಪಾಯಿ ಎಂದೇ ಹಿಡಿದರೂ ಸಾವಿರ ರೂಪಾಯಿ. ಕಂಪನಿ 'ಉಚಿತ ಸರ್ವಿಸ್' ಎಂದು ಕರೆಯುವುದು ಕೂಲಿ ಮಾತ್ರ ಉಚಿತವಾದ ಸರ್ವಿಸ್. ಆಯಿಲ್, ಫಿಲ್ಟರ್‌ಗಳ ಬೆಲೆ ಗ್ರಾಹಕನದೇ. ಅದರ ಮೇಲೆ ಈ ಸಾವಿರ, ಒಂದು ದಿನದ ಕೆಲಸ, ಮಧ್ಯಾಹ್ನದ ಊಟ. 'ಪಾರ್ಟ್ ಬಂದಿಲ್ಲ ಸಾರ್, ಮುಂದಿನ ವಾರ ಬನ್ನಿ' ಎಂಬ ಮಾತು ಒಮ್ಮೆ ಬಂತೆಂದರೆ ಇಡೀ ಲೆಕ್ಕ ಇಮ್ಮಡಿಯಾಗುತ್ತದೆ. ಷೋರೂಮಿನಲ್ಲಿ ಐದು ಸಾವಿರ ರೂಪಾಯಿ ಡಿಸ್ಕೌಂಟ್‌ಗಾಗಿ ಅರ್ಧ ದಿನ ಚೌಕಾಸಿ ನಡೆಸುವವರು ಈ ಬಾಬ್ತನ್ನು ಕಾಗದದ ಮೇಲೆ ಬರೆಯುವುದೇ ಇಲ್ಲ.

ಮಾರುತಿ 800 ಭಾರತದ ಸಣ್ಣ ಊರುಗಳನ್ನು ಗೆದ್ದದ್ದು ಬೆಲೆಯಿಂದ ಮಾತ್ರವಲ್ಲ. 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದು 2014ರ ಜನವರಿಯಲ್ಲಿ ಉತ್ಪಾದನೆ ನಿಲ್ಲುವವರೆಗೆ, ಮೂರು ದಶಕಗಳ ಕಾಲ, ಅದರ ಎಂಜಿನ್ನನ್ನು ಬಿಚ್ಚಿ ಜೋಡಿಸಬಲ್ಲ ಕೈಗಳು ಪ್ರತಿ ತಾಲ್ಲೂಕು ಕೇಂದ್ರದಲ್ಲೂ ಸಿದ್ಧವಾದವು. ಕಾರ್ಬುರೇಟರ್ ಕಾಲದಲ್ಲಿ ಒಂದು ಸ್ಕ್ರೂಡ್ರೈವರ್, ಒಂದು ಸ್ಪಾರ್ಕ್ ಪ್ಲಗ್ ಸ್ಪ್ಯಾನರ್, ಒಂದಿಷ್ಟು ಅನುಭವ ಇದ್ದರೆ ಅರ್ಧ ರೋಗಗಳು ಬಗೆಹರಿಯುತ್ತಿದ್ದವು. 1998ರಲ್ಲಿ ಬಂದ ಟಾಟಾ ಇಂಡಿಕಾ ಆರಂಭದಲ್ಲಿ ಸಾಕಷ್ಟು ದೂರುಗಳನ್ನು ಎದುರಿಸಿತು; 2001ರಲ್ಲಿ ವಿ2 ರೂಪದಲ್ಲಿ ಸುಧಾರಿಸಿಕೊಂಡ ಮೇಲೆ ಟ್ಯಾಕ್ಸಿಯವರ ನೆಚ್ಚಿನ ಡೀಸೆಲ್ ಗಾಡಿಯಾಯಿತು. ಹೊಸ ಮಾದರಿಯ ಮೊದಲ ವರ್ಷದ ಕಾರನ್ನು ಕೊಳ್ಳಬಾರದೆಂಬ ಹಳಬರ ಮಾತಿಗೆ ಇಂತಹ ಉದಾಹರಣೆಗಳೇ ಆಧಾರ.

ಈಗಿನ ಕಾರು ಆ ಜಾತಿಯದಲ್ಲ. 2020ರ ಏಪ್ರಿಲ್‌ನಿಂದ ಬಿಎಸ್-6 ಮಾನದಂಡ ಕಡ್ಡಾಯವಾದ ಬಳಿಕ ಎಂಜಿನ್ನಿನ ಉಸಿರಾಟವನ್ನೆಲ್ಲ ಸೆನ್ಸರ್‌ಗಳು ಅಳೆಯುತ್ತವೆ. ಡ್ಯಾಷ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿದರೆ ಅದರ ಅರ್ಥವನ್ನು ಓದಲು ಸ್ಕ್ಯಾನರ್ ಬೇಕು. ಸಾಮಾನ್ಯ ಸ್ಕ್ಯಾನರ್‌ಗಳು ಈಗ ಊರಿನ ಗ್ಯಾರೇಜುಗಳಿಗೂ ಬಂದಿವೆಯಾದರೂ ಕೆಲವು ಕೆಲಸಗಳಿಗೆ ಕಂಪನಿಯ ಸಾಫ್ಟ್‌ವೇರ್ ಇಲ್ಲದೆ ಗತ್ಯಂತರವಿಲ್ಲ. ಕ್ಲಚ್ ಪೆಡಲ್ ಇಲ್ಲದ ಎಎಂಟಿ ಗೇರ್ ಇದಕ್ಕೆ ಒಳ್ಳೆಯ ನಿದರ್ಶನ. 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ಸಣ್ಣ ಕಾರುಗಳಿಗೆ ಬಂದ ಈ ವ್ಯವಸ್ಥೆ ಪೇಟೆಯ ದಟ್ಟಣೆಯಲ್ಲಿ ವರದಾನ. ಆದರೆ ಅದರ ಕ್ಲಚ್ ಬದಲಿಸಿದ ಮೇಲೆ ಯಂತ್ರಕ್ಕೆ ಹೊಸದಾಗಿ 'ಪಾಠ' ಹೇಳಿಕೊಡಬೇಕಾಗುತ್ತದೆ. ಅದು ಸ್ಪ್ಯಾನರ್‌ನಿಂದ ಆಗುವ ಕೆಲಸವಲ್ಲ. ಟ್ರಾಫಿಕ್ ಸಿಗ್ನಲ್ಲುಗಳ ಕಾಟವಿಲ್ಲದ ಸೊರಬದ ರಸ್ತೆಗಳಲ್ಲಿ ಓಡಾಡುವವರಿಗೆ ಸಾಮಾನ್ಯ ಗೇರ್ ಕಾರೇ ಮೇಲು ಎಂಬುದು ಈ ಲೇಖಕನ ಅಭಿಪ್ರಾಯ. ವಿದ್ಯುತ್ ಕಾರುಗಳ ವಿಷಯದಲ್ಲಿ ಈ ಮಾತು ಇನ್ನೂ ಹೆಚ್ಚು ಅನ್ವಯ.

ಕಂಪನಿಯೇ ಉಳಿಯುತ್ತದೆಯೇ ಎಂಬುದು ಮತ್ತೊಂದು ಪ್ರಶ್ನೆ. ಮಾಟಿಜ್ ಎಂಬ ಚೆಂದದ ಪುಟ್ಟ ಕಾರನ್ನು ತಂದಿದ್ದ ದೇವೂ ಕಂಪನಿ ಶತಮಾನದ ತಿರುವಿನಲ್ಲೇ ಮುಳುಗಿತು. ಸ್ಪಾರ್ಕ್, ಬೀಟ್ ಮಾರುತ್ತಿದ್ದ ಜನರಲ್ ಮೋಟಾರ್ಸ್ 2017ರ ಕೊನೆಗೆ ಭಾರತದಲ್ಲಿ ಮಾರಾಟ ನಿಲ್ಲಿಸಿತು. ಫಿಗೊ ತಯಾರಿಸುತ್ತಿದ್ದ ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ಉತ್ಪಾದನೆ ಮುಗಿಸುವುದಾಗಿ ಸಾರಿತು. 2014ರಲ್ಲಿ 'ಗೋ' ಮೂಲಕ ಮರಳಿದ ಡಾಟ್ಸನ್ ಹೆಸರು 2022ಕ್ಕೆ ಅಳಿಯಿತು. ಜನರಲ್ ಮೋಟಾರ್ಸ್, ಫೋರ್ಡ್ ಎರಡೂ ಬಿಡಿಭಾಗ, ಸೇವೆಗಳನ್ನು ಮುಂದುವರಿಸುವುದಾಗಿ ಭರವಸೆ ಕೊಟ್ಟವು. ಆದರೆ ಮಾರಾಟವಿಲ್ಲದ ಡೀಲರ್ ಸರ್ವಿಸ್ ಒಂದನ್ನೇ ನಂಬಿ ಎಷ್ಟು ದಿನ ಬಾಗಿಲು ತೆರೆದಾನು? ಅಂಗಡಿಗಳು ಮೊದಲು ಮುಚ್ಚುವುದು ಸಣ್ಣ ಪೇಟೆಗಳಲ್ಲೇ. ಸೆಕೆಂಡ್ ಹ್ಯಾಂಡ್ ಬೆಲೆ ಅದಕ್ಕೂ ಮೊದಲು ಕುಸಿಯುತ್ತದೆ. ಟಾಟಾ ನ್ಯಾನೋದ ಕಥೆ ಇನ್ನೊಂದು ಬಗೆಯದು. 2008ರಲ್ಲಿ ಸಿಂಗೂರಿನಿಂದ ಕಾಲ್ತೆಗೆದ ಆ ಯೋಜನೆಗೆ ಧಾರವಾಡದ ಬಳಿ ಜಾಗ ಕೊಡಲು ಶಿಕಾರಿಪುರದ ಶಾಸಕರೇ ಮುಖ್ಯಮಂತ್ರಿಯಾಗಿದ್ದ ಅಂದಿನ ಸರ್ಕಾರ ಮುಂದೆ ಬಂದಿತ್ತು. ಕಾರ್ಖಾನೆ ಗುಜರಾತಿನ ಸಾನಂದಕ್ಕೆ ಹೋಯಿತು, ದಶಕ ಕಳೆಯುವಷ್ಟರಲ್ಲಿ ಕಾರೂ ಹೋಯಿತು. ಕಂಪನಿ ಉಳಿದದ್ದರಿಂದ ಕೊಂಡವರು ಪೂರ್ತಿ ಅನಾಥರಾಗಲಿಲ್ಲ ಎಂಬುದು ಇಲ್ಲಿನ ಗಮನಾರ್ಹ ಅಂಶ.

ಇನ್ನು ವಿಶ್ವಾಸಾರ್ಹತೆ. 2023ರ ಅಕ್ಟೋಬರ್‌ನಲ್ಲಿ ಆರಂಭವಾದ ಭಾರತ್ ಎನ್‌ಸಿಎಪಿ ಕೊಡುವ ನಕ್ಷತ್ರಗಳನ್ನು ಕೆಲವರು ಕಾರಿನ ಬಾಳಿಕೆಯ ಅಳತೆಯೆಂದು ಭಾವಿಸಿದ್ದಾರೆ. ಅಪಘಾತದಲ್ಲಿ ಒಳಗಿದ್ದವರ ರಕ್ಷಣೆಯನ್ನಷ್ಟೇ ಅದು ಅಳೆಯುತ್ತದೆ. ಕಾರು ಐದನೇ ವರ್ಷ ಮಳೆಗಾಲದ ಬೆಳಿಗ್ಗೆ ಸ್ಟಾರ್ಟ್ ಆಗುತ್ತದೆಯೇ ಎಂಬುದನ್ನಲ್ಲ. ಅದನ್ನು ತಿಳಿಯಲು ಅದೇ ಕಾರನ್ನು ಇದೇ ರಸ್ತೆಯಲ್ಲಿ ಒಂದು ಲಕ್ಷ ಕಿ.ಮೀ. ಓಡಿಸಿದ ಬಾಡಿಗೆ ಚಾಲಕನನ್ನು ಕೇಳುವುದು ಉತ್ತಮ. ಅವನಿಗೆ ಕಂಪನಿಯ ಮೇಲೆ ಪ್ರೀತಿಯೂ ಇಲ್ಲ, ದ್ವೇಷವೂ ಇಲ್ಲ. ಕೆಳಭಾಗ ತುಕ್ಕು ಹಿಡಿಯುತ್ತದೆಯೇ, ಸಸ್ಪೆನ್ಷನ್ ಬುಷ್ ಎಷ್ಟು ದಿನ ಬಾಳುತ್ತದೆ, ಹುಲ್ಲಿನ ಬಣವೆ ಪಕ್ಕದ ಕೊಟ್ಟಿಗೆಯಲ್ಲಿ ನಿಲ್ಲಿಸಿದ ಕಾರಿನ ವೈರನ್ನು ಇಲಿ ಕಡಿದಾಗ ಎಷ್ಟು ಖರ್ಚು ಬಂತು ಎಂಬ ಪ್ರಶ್ನೆಗಳಿಗೆ ಅವನಲ್ಲಿ ಉತ್ತರವಿದೆ. ವರದಾ, ದಂಡಾವತಿ ಉಕ್ಕುವ ದಿನಗಳಲ್ಲಿ ರಸ್ತೆಯ ಮೇಲೆ ನೀರು ನಿಲ್ಲುವ ಊರಿನವರು ವಿಮೆ ಮಾಡಿಸುವಾಗ ಎಂಜಿನ್ ರಕ್ಷಣೆಯ ಹೆಚ್ಚುವರಿ ಕಂತಿನ ಬಗ್ಗೆ ವಿಚಾರಿಸುವುದು ಒಳಿತು. ನೀರಿನಲ್ಲಿ ನಿಂತ ಎಂಜಿನ್ನನ್ನು ಬಲವಂತವಾಗಿ ಸ್ಟಾರ್ಟ್ ಮಾಡಿ ಕೆಡಿಸಿಕೊಂಡರೆ ಸಾಧಾರಣ ಪಾಲಿಸಿ ಕೈಹಿಡಿಯುವುದು ಕಷ್ಟ. ಅಂದಹಾಗೆ, ವಿಮೆಯನ್ನು ಡೀಲರ್ ಬಳಿಯೇ ಮಾಡಿಸಬೇಕೆಂಬ ನಿಯಮ ಎಲ್ಲಿಯೂ ಇಲ್ಲ.

ಹಳೆಯ ಕಾರು ಕೊಳ್ಳುವವರು ಶೇ. 20 ಎಥೆನಾಲ್ ಬೆರೆತ ಪೆಟ್ರೋಲಿನ ವಿಷಯವನ್ನೂ ಗಮನದಲ್ಲಿಡಬೇಕು. ಕೆಲವು ಹಳೆಯ ವಾಹನಗಳಲ್ಲಿ 20ರಿಂದ 30 ಸಾವಿರ ಕಿ.ಮೀ. ಬಳಕೆಯ ನಂತರ ರಬ್ಬರ್ ಭಾಗಗಳನ್ನೂ ಗ್ಯಾಸ್ಕೆಟ್‌ಗಳನ್ನೂ ಬದಲಿಸಬೇಕಾಗಬಹುದು, ಅದು ದುಬಾರಿಯಲ್ಲ ಎಂದು ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟ್‌ನಲ್ಲಿ ಹೇಳಿದೆ. ಮೆಕ್ಕೆಜೋಳ ಬೆಳೆಯುವ ಶಿಕಾರಿಪುರದ ರೈತನಿಗೆ ಎಥೆನಾಲ್ ಎಂದರೆ ಬೆಳೆಗೊಂದು ಗಿರಾಕಿ. ಅದೇ ರೈತ ಹದಿನೈದು ವರ್ಷದ ಆಲ್ಟೊ ಇಟ್ಟುಕೊಂಡಿದ್ದರೆ ಗ್ಯಾರೇಜಿಗೂ ಗಿರಾಕಿ.

ಊರಿನ ಸಮೀಪವೇ 'ಅಧಿಕೃತ' ಫಲಕ ಇದ್ದ ಮಾತ್ರಕ್ಕೆ ಸಮಾಧಾನಪಡುವಂತಿಲ್ಲ. ಆಯಿಲ್ ಬದಲಿಸಿ ತೊಳೆದು ಕಳಿಸುವ ಸಣ್ಣ ಘಟಕ ಬೇರೆ, ಗೇರ್‌ಬಾಕ್ಸ್ ಇಳಿಸಬಲ್ಲ ವರ್ಕ್‌ಷಾಪ್ ಬೇರೆ. ವಾರಂಟಿ ಅಡಿಯ ಬದಲಾವಣೆಯನ್ನು ಇಲ್ಲೇ ಮಾಡುತ್ತೀರಾ, ಶಿವಮೊಗ್ಗಕ್ಕೆ ಕಳಿಸುತ್ತೀರಾ? ಅಪಘಾತವಾದರೆ ಗಾಡಿಯನ್ನು ಎಳೆದೊಯ್ಯುವವರು ಯಾರು? ಕಾರು ಕೊಳ್ಳುವ ಮೊದಲೇ ಕೇಳಿಬಿಡಬೇಕು. ಈ ದೃಷ್ಟಿಯಿಂದ ಐದು ಸಾವಿರಕ್ಕೂ ಹೆಚ್ಚು ಸರ್ವಿಸ್ ಕೇಂದ್ರಗಳಿರುವ ಮಾರುತಿಗೆ ಸಣ್ಣ ಊರುಗಳಲ್ಲಿ ಇರುವ ಅನುಕೂಲ ನಿರ್ವಿವಾದ. ಹಾಗೆಂದು ಅದರ ಕಾರುಗಳು ದೋಷಾತೀತವಲ್ಲ. 2023ರ ಜನವರಿಯಲ್ಲಿ ಏರ್‌ಬ್ಯಾಗ್ ನಿಯಂತ್ರಕದ ದೋಷಕ್ಕಾಗಿ ಆಲ್ಟೊ ಕೆ10 ಸೇರಿದಂತೆ 17 ಸಾವಿರಕ್ಕೂ ಹೆಚ್ಚು ಕಾರುಗಳನ್ನು ಅದು ಹಿಂದಕ್ಕೆ ಕರೆಸಿತು. ಇಂತಹ ಕರೆ ಬರುವುದು ಡೀಲರ್ ದಾಖಲೆಯಲ್ಲಿರುವ ಮೊಬೈಲ್ ಸಂಖ್ಯೆಗೆ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ತಮ್ಮ ಸಂಖ್ಯೆ ದಾಖಲಿಸದಿದ್ದರೆ ಸುದ್ದಿ ತಲುಪುವುದು ಹಳೆಯ ಮಾಲೀಕನಿಗೆ. ಮಾರುತಿ 2024ರ ಜುಲೈನಲ್ಲಿ ತನ್ನ ವಾರಂಟಿಯನ್ನು ಎರಡು ವರ್ಷ, 40 ಸಾವಿರ ಕಿ.ಮೀ.ಯಿಂದ ಮೂರು ವರ್ಷ, ಒಂದು ಲಕ್ಷ ಕಿ.ಮೀ.ಗೆ ಏರಿಸಿದ್ದು ಪ್ರತಿಸ್ಪರ್ಧಿಗಳ ಒತ್ತಡದಿಂದಲ್ಲದೆ ಕೇವಲ ಔದಾರ್ಯದಿಂದಲ್ಲ ಎಂದು ಊಹಿಸಬಹುದು.

ಹೊರಗಿನ ಗ್ಯಾರೇಜಿನಲ್ಲಿ ಒಂದು ಬೋಲ್ಟ್ ಬಿಗಿಸಿದರೂ ವಾರಂಟಿ ಹೋಯಿತು ಎಂದು ಹೆದರಿಸುವ ಪರಿಪಾಠವಿದೆ. ಬಿಡಿಭಾಗಗಳನ್ನೂ ತಾಂತ್ರಿಕ ಮಾಹಿತಿಯನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ 2,500 ಕೋಟಿ ರೂಪಾಯಿಗೂ ಮೀರಿದ ದಂಡ ವಿಧಿಸಿತ್ತು. ಸ್ವತಂತ್ರ ಗ್ಯಾರೇಜಿಗೆ ಹೋದ ಏಕೈಕ ಕಾರಣಕ್ಕೆ ವಾರಂಟಿ ರದ್ದುಪಡಿಸಬಾರದೆಂದೂ, ತಪ್ಪು ರಿಪೇರಿಯಿಂದ ಹಾನಿಯಾದಷ್ಟರ ಮಟ್ಟಿಗೆ ಮಾತ್ರ ನಿರಾಕರಿಸಬಹುದೆಂದೂ ಅದು ಹೇಳಿತು. ಪ್ರಕರಣ ಮೇಲ್ಮನವಿಗಳ ದಾರಿ ಹಿಡಿಯಿತು. ಆಯೋಗ ಎತ್ತಿದ ಪ್ರಶ್ನೆಯ ಬಿಸಿ ಹೆಚ್ಚು ತಟ್ಟುವುದು ಶಿವಮೊಗ್ಗದವನಿಗಲ್ಲ, ಆನವಟ್ಟಿಯವನಿಗೆ.

ನ್ಯಾಯಾಲಯಗಳ ನಿಲುವನ್ನೂ ಅರಿತಿರಬೇಕು. ವಾರಂಟಿ ದೋಷಪೂರಿತ ಭಾಗದ ದುರಸ್ತಿ ಅಥವಾ ಬದಲಾವಣೆಗೆ ಸಂಬಂಧಿಸಿದ್ದರೆ ಇಡೀ ಕಾರನ್ನೇ ಬದಲಿಸಿಕೊಡಬೇಕೆಂಬ ಆದೇಶ ನಿಲ್ಲದು ಎಂದು ಮಾರುತಿ ಉದ್ಯೋಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದೆ. 2009ರಲ್ಲಿ ತಯಾರಾದ ಕಾರನ್ನು 2011ರ ಮಾದರಿಯೆಂದು ಗೋವಾದಲ್ಲಿ ಮಾರಿದ ಪ್ರಕರಣದಲ್ಲಿ, ಡೀಲರ್ ಮಾಡಿದ ತಪ್ಪು ತಯಾರಕನಿಗೆ ಗೊತ್ತಿತ್ತೆಂದು ಸಾಬೀತಾಗದ ಹೊರತು ಅವನನ್ನು ಹೊಣೆ ಮಾಡಲಾಗದೆಂದು 2021ರಲ್ಲಿ ತೀರ್ಪಿತ್ತಿದೆ. ಅಂದರೆ ಬಾನೆಟ್ಟಿನ ಮೇಲಿನ ಹೆಸರು ಎಷ್ಟೇ ದೊಡ್ಡದಿರಲಿ, ಗ್ರಾಹಕ ಕೆಲವೊಮ್ಮೆ ಹೋರಾಡಬೇಕಾದದ್ದು ಊರಿನ ಡೀಲರ್ ಒಬ್ಬನ ಜೊತೆಗೆ. ವಾಹನ ತಯಾರಾದ ತಿಂಗಳು, ವರ್ಷವನ್ನು ಹಣ ಕಟ್ಟುವ ಮೊದಲೇ ದಾಖಲೆಯಲ್ಲಿ ನೋಡಿಕೊಳ್ಳಬೇಕಾದದ್ದು ಈ ಕಾರಣಕ್ಕೆ.

2020ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರದ ಊರಿನವರಿಗೆ ಒಂದು ಅನುಕೂಲವಿದೆ. ಡೀಲರ್ ದಾವಣಗೆರೆಯವನಿರಲಿ, ಹುಬ್ಬಳ್ಳಿಯವನಿರಲಿ, ದೂರುದಾರ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ, ಅಂದರೆ ಶಿವಮೊಗ್ಗದಲ್ಲೇ, ದೂರು ಸಲ್ಲಿಸಬಹುದು. ಕೊಟ್ಟ ಮೊತ್ತ ಐದು ಲಕ್ಷದವರೆಗಿದ್ದರೆ ಶುಲ್ಕವಿಲ್ಲ, ಹತ್ತು ಲಕ್ಷದವರೆಗೆ 200 ರೂಪಾಯಿ. ಆನ್‌ಲೈನ್ ಮೂಲಕವೂ ಸಲ್ಲಿಸಬಹುದು. ಕಾಲಮಿತಿ ಎರಡು ವರ್ಷ. ಅಲ್ಲಿ ಉಪಯೋಗಕ್ಕೆ ಬರುವುದು ಜಾಬ್ ಕಾರ್ಡ್: ಯಾವ ದಿನ, ಎಷ್ಟು ಕಿ.ಮೀ.ನಲ್ಲಿ, ಯಾವ ದೂರು ಹೇಳಲಾಯಿತು ಎಂಬ ಬರಹ. 'ಜನರಲ್ ಚೆಕಪ್' ಎಂದಷ್ಟೇ ಗೀಚಿದ ಕಾರ್ಡಿಗೆ ಸಹಿ ಹಾಕದೆ, ಸ್ಟೀರಿಂಗ್‌ನಲ್ಲಿ ಸದ್ದು ಬರುತ್ತಿದ್ದರೆ ಸದ್ದು ಎಂದೇ ಬರೆಸಿ, ಒಂದು ಪ್ರತಿಯನ್ನು ಮನೆಗೆ ತರಬೇಕು.