ಉಸಿರಾಟದ ಯಂತ್ರ ಮತ್ತು ಹೆತ್ತವರ ಮಾತು

ಮಗುವನ್ನು ಕೃತಕ ಉಸಿರಾಟದ ಯಂತ್ರಕ್ಕೆ ಜೋಡಿಸಿದ ಮೇಲೆ ಅದನ್ನು ಯಾವಾಗ ತೆಗೆಯಬೇಕು, ಯಾರು ಹೇಳಿದರೆ ತೆಗೆಯಬೇಕು ಎಂಬ ಪ್ರಶ್ನೆ ನಮ್ಮ ಅಜ್ಜ-ಅಜ್ಜಿಯರ ಕಾಲದಲ್ಲಿ ಇರಲಿಲ್ಲ. ಕೋವಿಡ್ ಬಂದು ಹೋದ ಮೇಲಂತೂ ವೆಂಟಿಲೇಟರ್ ಎಂಬ ಪದವನ್ನು ಅರಿಯದ ಹಳ್ಳಿಯೇ ಉಳಿದಿಲ್ಲ. ಆದರೆ ಆ ಯಂತ್ರವನ್ನು ನಿಲ್ಲಿಸುವ ವಿಷಯವನ್ನು ವೈದ್ಯರು ಹೆತ್ತವರೊಡನೆ ಹೇಗೆ ಮಾತನಾಡಬೇಕು, ಹೆತ್ತವರು ಅದನ್ನು ಹೇಗೆ ಕೇಳಿಸಿಕೊಳ್ಳಬೇಕು ಎಂಬ ಅಭ್ಯಾಸ ನಮ್ಮಲ್ಲಿ ಇನ್ನೂ ಬೆಳೆದಿಲ್ಲ.

ಈ ಬಗೆಯ ವ್ಯಾಜ್ಯಗಳಲ್ಲಿ ಜಗತ್ತಿನ ಗಮನ ಸೆಳೆದದ್ದು ಇಂಗ್ಲೆಂಡಿನ ಚಾರ್ಲಿ ಗಾರ್ಡ್ ಎಂಬ ಹಸುಗೂಸಿನ ಪ್ರಕರಣ. 2016ರ ಆಗಸ್ಟ್ 4ರಂದು ಹುಟ್ಟಿದಾಗ ಆ ಮಗು ಆರೋಗ್ಯವಾಗಿಯೇ ಕಾಣುತ್ತಿತ್ತು. ಎರಡು ತಿಂಗಳಾಗುವಷ್ಟರಲ್ಲಿ ಕೈಕಾಲುಗಳ ಬಲ ಕುಂದಿತು, ತೂಕ ಏರದಾಯಿತು. ಅಕ್ಟೋಬರಿನಲ್ಲಿ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಗೆ ಸೇರಿಸಿದರು. ನಮ್ಮ ಜೀವಕೋಶಗಳಿಗೆ ಶಕ್ತಿಯನ್ನು ಒದಗಿಸುವ ಮೈಟೋಕಾಂಡ್ರಿಯಾ ಎಂಬ ಸೂಕ್ಷ್ಮ ಘಟಕಗಳಿವೆ. ಅವುಗಳಲ್ಲಿರುವ ಡಿಎನ್ಎ ಕ್ಷಯಿಸುತ್ತ ಹೋಗುವ ಅತಿ ವಿರಳವಾದ ಆನುವಂಶಿಕ ರೋಗ ಆ ಮಗುವಿಗಿತ್ತು. ಸ್ನಾಯುಗಳು ಸೋತವು, ಉಸಿರಾಟ ಯಂತ್ರದ ಪಾಲಾಯಿತು, ಮುಂದೆ ಅಪಸ್ಮಾರವೂ ಕಾಣಿಸಿಕೊಂಡು ಮಿದುಳಿಗೆ ತೀವ್ರ ಹಾನಿಯಾಯಿತು.

ಅಮೆರಿಕದಲ್ಲಿ ಒಂದು ಪ್ರಾಯೋಗಿಕ ಚಿಕಿತ್ಸೆಯಿದೆಯೆಂದು ಹೆತ್ತವರಿಗೆ ತಿಳಿಯಿತು. ಜನರಿಂದ 13 ಲಕ್ಷ ಪೌಂಡಿಗೂ ಹೆಚ್ಚು ಹಣ ಸೇರಿತು. ಲಂಡನ್ನಿನ ವೈದ್ಯರೂ ಮೊದಲು ಆ ಚಿಕಿತ್ಸೆಯ ವಿಚಾರ ಮಾಡಿದ್ದವರೇ. ಮಿದುಳಿಗೆ ಆದ ಹಾನಿಯನ್ನು ಕಂಡ ಮೇಲೆ, ಇನ್ನು ಅದರಿಂದ ಫಲವಿಲ್ಲ, ಯಂತ್ರವನ್ನು ಮುಂದುವರಿಸುವುದು ಮಗುವಿಗೆ ಹಿಂಸೆಯೇ ಸರಿ ಎಂಬ ನಿರ್ಧಾರಕ್ಕೆ ಬಂದರು. ಹೆತ್ತವರು ಒಪ್ಪಲಿಲ್ಲ. ಇಂಗ್ಲೆಂಡಿನ ಕಾನೂನಿನಂತೆ ವಿಷಯ ನ್ಯಾಯಾಲಯಕ್ಕೆ ಹೋಯಿತು. ಅಲ್ಲಿನ ನ್ಯಾಯಾಧೀಶರು ತಾಯಿತಂದೆಯರ ಹಕ್ಕೇನು ಎಂದು ಮೊದಲು ಕೇಳುವುದಿಲ್ಲ, ಮಗುವಿನ ಹಿತ ಯಾವುದರಲ್ಲಿದೆ ಎಂದು ಕೇಳುತ್ತಾರೆ. 2017ರ ಏಪ್ರಿಲ್ 11ರಂದು ಉಚ್ಚ ನ್ಯಾಯಾಲಯ ವೈದ್ಯರ ಪರವಾಗಿ ತೀರ್ಪು ನೀಡಿತು. ಮೇಲ್ಮನವಿ ನ್ಯಾಯಾಲಯ, ಸುಪ್ರೀಂ ಕೋರ್ಟ್, ಕೊನೆಗೆ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋದರೂ ಅದು ಬದಲಾಗಲಿಲ್ಲ. ಪೋಪ್ ಅವರೂ ಅಮೆರಿಕದ ಅಧ್ಯಕ್ಷರೂ ಮಾತನಾಡಿದರು. ಆಸ್ಪತ್ರೆಯ ಸಿಬ್ಬಂದಿಗೆ ಕೊಲೆ ಬೆದರಿಕೆಗಳು ಬಂದವು. ಜುಲೈನಲ್ಲಿ ಅಮೆರಿಕದ ತಜ್ಞರೇ ಲಂಡನ್ನಿಗೆ ಬಂದು ಮಗುವನ್ನು ಪರೀಕ್ಷಿಸಿದರು. ಹೊಸ ಸ್ಕ್ಯಾನಿನಲ್ಲಿ ಸ್ನಾಯುಗಳು ಮರಳಿ ಬಾರದಷ್ಟು ನಾಶವಾಗಿರುವುದು ಕಂಡಾಗ, ಜುಲೈ 24ರಂದು ಹೆತ್ತವರೇ ಹೋರಾಟವನ್ನು ಕೈಬಿಟ್ಟರು. ನಾಲ್ಕು ದಿನಗಳ ನಂತರ, ಮೊದಲ ಹುಟ್ಟುಹಬ್ಬಕ್ಕೆ ಒಂದು ವಾರ ಉಳಿದಿರುವಾಗ, ಮಗು ತೀರಿಕೊಂಡಿತು.

ರೋಗದ ವಿಷಯದಲ್ಲಿ ವೈದ್ಯರು ಹೇಳಿದ್ದೇ ಸರಿಯಾಗಿತ್ತೆಂದು ನಾನು ಭಾವಿಸುತ್ತೇನೆ. ಆದರೂ ಏಪ್ರಿಲ್ಲಿನ ತೀರ್ಪಿನಿಂದ ಜುಲೈ ಕೊನೆಯವರೆಗಿನ ಮೂರೂವರೆ ತಿಂಗಳಲ್ಲಿ ಗೆದ್ದವರು ಯಾರು? ಆ ತಾಯಿತಂದೆಯರನ್ನು ಕೊನೆಗೆ ಒಪ್ಪಿಸಿದ್ದು ನ್ಯಾಯಾಲಯದ ಆದೇಶವಲ್ಲ. ತಾವು ನಂಬಿದ ವೈದ್ಯರೊಬ್ಬರು ಮಗುವಿನ ಹಾಸಿಗೆಯ ಬಳಿ ಬಂದು ನೋಡಿದ್ದು, ಹೊಸ ಪರೀಕ್ಷೆಯ ಫಲವನ್ನು ತಾವು ಕಂಡದ್ದು. ಆ ಭೇಟಿ ವ್ಯಾಜ್ಯಕ್ಕೆ ಮೊದಲೇ ನಡೆದಿದ್ದರೆ ಎಂದು ಕೇಳಬೇಕೆನಿಸುತ್ತದೆ. ಮತ್ತೊಂದು ಅಭಿಪ್ರಾಯವನ್ನು ಕೇಳುವ ಹೆತ್ತವರನ್ನು ಹಟಮಾರಿಗಳೆಂದು ನೋಡುವ ವೈದ್ಯರು ಲಂಡನ್ನಿನಲ್ಲಿ ಮಾತ್ರವೇ ಇದ್ದಾರೆಯೇ?

ಕೊನೆಯ ಜಗಳವಂತೂ ಇನ್ನೂ ಮನಕರಗಿಸುವಂಥದು. ಮಗುವನ್ನು ಮನೆಗೆ ಒಯ್ದು ಅಲ್ಲಿ ಯಂತ್ರವನ್ನು ತೆಗೆಯಬೇಕೆಂದು ಹೆತ್ತವರು ಬೇಡಿದರು. ತೀವ್ರ ನಿಗಾ ಘಟಕದ ಆರೈಕೆಯನ್ನು ಮನೆಯಲ್ಲಿ ಒದಗಿಸುವುದು ಕಷ್ಟವೆಂಬ ಕಾರಣಕ್ಕೆ ಅದು ನೆರವೇರಲಿಲ್ಲ. ಕೊನೆಯ ದಿನಗಳ ರೋಗಿಗಳಿಗಾಗಿಯೇ ಇರುವ ಶುಶ್ರೂಷಾಲಯದಲ್ಲಿ ಆ ಕಾರ್ಯ ನಡೆಯಿತು.

ಮರುವರ್ಷ ಲಿವರ್‌ಪೂಲಿನಲ್ಲಿ ಆಲ್ಫಿ ಇವಾನ್ಸ್ ಎಂಬ ಇನ್ನೂ ಎರಡು ತುಂಬದ ಮಗುವಿನ ವಿಷಯದಲ್ಲಿಯೂ ಇಂಥದೇ ವ್ಯಾಜ್ಯ ನಡೆಯಿತು. 2018ರ ಏಪ್ರಿಲ್ 23ರಂದು ಯಂತ್ರವನ್ನು ತೆಗೆದ ಮೇಲೆ ಮಗು ತಾನೇ ಉಸಿರಾಡುತ್ತ ಏಪ್ರಿಲ್ 28ರವರೆಗೆ ಬದುಕಿತ್ತು. ವೈದ್ಯರು ಇದರಿಂದ ಕಲಿಯಬೇಕಾದದ್ದಿದೆ. ಯಂತ್ರ ತೆಗೆದ ಮೇಲೆ ಇಷ್ಟೇ ಗಳಿಗೆ ಎಂದು ಲೆಕ್ಕ ಕೊಡಬಾರದು. ಆ ಲೆಕ್ಕ ತಪ್ಪಿದರೆ ಅವರು ಹೇಳಿದ ಉಳಿದ ಮಾತುಗಳ ಮೇಲೂ ಹೆತ್ತವರಿಗೆ ನಂಬಿಕೆ ಹೋಗುತ್ತದೆ.

ಇನ್ನು ನಮ್ಮ ನಾಡಿನ ಸ್ಥಿತಿ. ಇಲ್ಲಿ ಇಂಥ ವಿಷಯ ನ್ಯಾಯಾಲಯದ ಮೆಟ್ಟಿಲೇರುವುದು ಅಪರೂಪ. ವೈದ್ಯರಿಗೂ ಮನೆಯವರಿಗೂ ಒಮ್ಮತವಿದೆ ಎಂದು ಇದರ ಅರ್ಥವಲ್ಲ. ಬಹಳ ಕಡೆ ತೀರ್ಮಾನವನ್ನು ಮಾಡುವುದು ಆಸ್ಪತ್ರೆಯ ಬಿಲ್ಲು. ಇದ್ದ ಒಡವೆಯನ್ನು ಅಡವಿಟ್ಟು, ಹೊಲದ ಮೇಲೆ ಸಾಲ ಮಾಡಿ, ಇನ್ನು ಸಾಗದು ಎಂದಾಗ ‘ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೇವೆ’ ಎಂಬ ಕಾಗದಕ್ಕೆ ತಂದೆ ಸಹಿ ಹಾಕುತ್ತಾನೆ. ಮಗುವನ್ನು ಆಂಬುಲೆನ್ಸಿನಲ್ಲಿ ಮಲಗಿಸಿ, ಕೈಯಲ್ಲಿ ಒತ್ತುವ ಆಂಬು ಚೀಲದಿಂದ ಉಸಿರು ಕೊಡುತ್ತ ಊರಿಗೆ ಒಯ್ಯುತ್ತಾರೆ. ಮನೆಯ ಬಾಗಿಲಲ್ಲಿ ಕೊಳವೆಯನ್ನು ತೆಗೆಯಲಾಗುತ್ತದೆ. ನೋವು ನಿವಾರಕವಿಲ್ಲ, ಉಬ್ಬಸಕ್ಕೆ ಔಷಧವಿಲ್ಲ, ಬಳಿಯಲ್ಲಿ ದಾದಿಯಿಲ್ಲ. ಲಂಡನ್ನಿನ ತಾಯಿ ಬೇಡಿದ ಮನೆಯ ಸಾವು ನಮ್ಮ ಮಕ್ಕಳಿಗೆ ದೊರಕುತ್ತದೆ, ಆದರೆ ಎಂಥ ರೀತಿಯಲ್ಲಿ! ಆ ಕಾಗದ ಆಸ್ಪತ್ರೆಯನ್ನು ಕಾಪಾಡುತ್ತದೆ. ತಂದೆಯಾದರೋ ಮಗುವನ್ನು ನಾನೇ ಕೊಂದೆ ಎಂಬ ಭಾವವನ್ನು ಬದುಕಿನುದ್ದಕ್ಕೂ ಹೊರುತ್ತಾನೆ.

ಈ ಕಾಗದದ ಅಗತ್ಯವೇ ಬೀಳದಂತಹ ದಾರಿಯನ್ನು ಕಾನೂನು ತೆರೆದಿದೆ ಎಂಬುದನ್ನು ಸದ್ಭಕ್ತರು ತಿಳಿದಿರಬೇಕು. 2018ರ ಮಾರ್ಚ್ 9ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು, ಗುಣವಾಗುವ ಆಸೆಯಿಲ್ಲದ ರೋಗಿಯ ಜೀವರಕ್ಷಕ ಯಂತ್ರವನ್ನು ನಿಯಮಬದ್ಧವಾಗಿ ಹಿಂತೆಗೆಯಬಹುದೆಂದು ತೀರ್ಪಿತ್ತಿತು. ಚುಚ್ಚುಮದ್ದು ಕೊಟ್ಟು ಪ್ರಾಣ ತೆಗೆಯುವುದು ಇಂದಿಗೂ ಅಪರಾಧವೇ. 2023ರ ಜನವರಿಯಲ್ಲಿ ಈ ನಿಯಮಗಳನ್ನು ಸರಳಗೊಳಿಸಲಾಯಿತು. ಚಿಕಿತ್ಸೆ ನೀಡುವ ವೈದ್ಯರೂ ಕನಿಷ್ಠ ಇಬ್ಬರು ತಜ್ಞರೂ ಇರುವ ಪ್ರಾಥಮಿಕ ಮಂಡಳಿಯೊಂದು ಆಸ್ಪತ್ರೆಯಲ್ಲಿ ರಚನೆಯಾಗಬೇಕು. ಅದರ ಅಭಿಪ್ರಾಯವನ್ನು ಎರಡನೆಯ ಮಂಡಳಿ ಪರಿಶೀಲಿಸಬೇಕು. ಅದರಲ್ಲಿ ಜಿಲ್ಲಾ ವೈದ್ಯಾಧಿಕಾರಿ ನೇಮಿಸಿದ ವೈದ್ಯರೊಬ್ಬರು ಇರಬೇಕು. ಎರಡೂ ಮಂಡಳಿಗಳು ಸಾಧ್ಯವಾದಷ್ಟು ಮಟ್ಟಿಗೆ 48 ಗಂಟೆಗಳೊಳಗೆ ಹೇಳಬೇಕು. ಮನೆಯವರ ಒಪ್ಪಿಗೆ ಬೇಕೇ ಬೇಕು. ಬಳಿಕ ಪ್ರಥಮ ದರ್ಜೆ ದಂಡಾಧಿಕಾರಿಗಳಿಗೆ ತಿಳಿಸಿ ಕ್ರಮ ಕೈಗೊಳ್ಳಬಹುದು. ಮಂಡಳಿ ಒಪ್ಪದಿದ್ದರೆ ಮನೆಯವರು ಉಚ್ಚ ನ್ಯಾಯಾಲಯಕ್ಕೆ ಹೋಗಬಹುದು. 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆಯೂ ಇದನ್ನು ಜಾರಿಗೆ ತರಲು ಆದೇಶ ಹೊರಡಿಸಿದೆ. ವಯಸ್ಕರು ತಮ್ಮ ಇಚ್ಛೆಯನ್ನು ಮೊದಲೇ ಬರೆದಿಡಬಹುದು. ಮಗು ಬರೆದಿಡಲಾರದು; ಅದರ ಪರವಾಗಿ ಮಾತನಾಡುವವರು ಹೆತ್ತವರೇ. ಆದ್ದರಿಂದ ಅವರಿಗೆ ಎಲ್ಲವನ್ನೂ ತಿಳಿಯುವ ಕನ್ನಡದಲ್ಲಿ ಹೇಳುವುದು ವೈದ್ಯರ ಸೌಜನ್ಯವೆಂದು ಬಿಡಲಾಗದು, ಅದು ಕರ್ತವ್ಯ.

‘ಯಂತ್ರ ತೆಗೆಸಿದರೆ ಪಾಪವಲ್ಲವೇ?’ ಎಂದು ಕೇಳುವವರಿದ್ದಾರೆ. ಸಾವನ್ನು ತರುವುದು ರೋಗ. ಯಂತ್ರ ಮಾಡುತ್ತಿದ್ದದ್ದು ಅದನ್ನು ತಡೆಹಿಡಿಯುವ ಕೆಲಸ. ತಡೆಯುವುದರಿಂದ ಮಗುವಿಗೆ ನೋವಲ್ಲದೆ ಬೇರೇನೂ ಇಲ್ಲವೆಂದಾದಾಗ ನಿಲ್ಲಿಸುವುದು ಕೊಲೆಯಲ್ಲ. ಹಾಗೆಂದು ಒಪ್ಪದ ತಾಯಿಯನ್ನು ಅಜ್ಞಾನಿ ಎಂದು ಹೀಗಳೆಯುವ ಹಕ್ಕೂ ಯಾರಿಗೂ ಇಲ್ಲ. ‘ಇನ್ನು ನಾವು ಮಾಡುವುದು ಏನೂ ಇಲ್ಲ’ ಎಂದು ವೈದ್ಯರು ಹೇಳುವ ವಾಕ್ಯವೇ ಎಷ್ಟೋ ಜಗಳಗಳ ಮೂಲ. ಮಾಡುವುದು ಬಹಳವಿದೆ: ನೋವನ್ನು ಇಳಿಸುವುದು, ಉಬ್ಬಸವನ್ನು ತಗ್ಗಿಸುವುದು, ಬಾಯಿ ಒಣಗದಂತೆ ನೋಡಿಕೊಳ್ಳುವುದು, ಕೊಳವೆಗಳ ನಡುವೆಯೂ ಮಗುವನ್ನು ತಾಯಿಯ ಮಡಿಲಿಗೆ ಕೊಡುವುದು. ಮಾರ್ಫಿನ್ ದೊರೆಯುವುದು ಸುಲಭವಾಗಲೆಂದು 2014ರಲ್ಲೇ ಕಾಯ್ದೆಗೆ ತಿದ್ದುಪಡಿಯಾಗಿದೆ. ಮಕ್ಕಳ ಉಪಶಮನ ಚಿಕಿತ್ಸೆಯ ಘಟಕಗಳು ಮಾತ್ರ ದೊಡ್ಡ ನಗರಗಳನ್ನು ದಾಟಿ ಬಂದಿಲ್ಲ. ಯಂತ್ರಕ್ಕೆ ಹಣ ಸಿಗುವ ಕಡೆ ಒಬ್ಬ ತರಬೇತಾದ ದಾದಿಗೆ ಸಿಗದು.

ಇಂಥ ಸಂಕಟ ಯಾವ ಮನೆಗೂ ಬಾರದಿರಲಿ. ಬಂದರೆ, ಕಾಗದಕ್ಕೆ ಸಹಿ ಹಾಕುವ ಮೊದಲು ಮಂಡಳಿಯನ್ನು ಕರೆಯುವಿರಾ ಎಂದು ಕೇಳಿರಿ. ಇನ್ನೊಬ್ಬ ತಜ್ಞರ ಅಭಿಪ್ರಾಯ ಬೇಕೆಂದು ಸಂಕೋಚವಿಲ್ಲದೆ ಹೇಳಿರಿ. ಮನೆಗೇ ಒಯ್ಯುವುದಾದರೆ ನೋವಿಗೆ ಯಾವ ಔಷಧ, ಎಷ್ಟು ಪ್ರಮಾಣ, ರಾತ್ರಿ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಬರೆಯಿಸಿಕೊಂಡೇ ಹೊರಡಿರಿ.