ಡಾಂಬರಿನ ಪೀಪಾಯಿಯೂ ಕಲೆಯೇ?

ಕಳೆದ ವಾರ ಮನೆಗೆ ಬಂದಿದ್ದ ಹಳೆಯ ಶಿಷ್ಯನೊಬ್ಬ ನನ್ನ ಗಣಕಯಂತ್ರದ ಪರದೆಯಲ್ಲಿ ಶೀಲಾ ಗೌಡ ಅವರ ಕಲಾಕೃತಿಯೊಂದನ್ನು ಕಂಡು, "ಸಾರ್, ಇದು ಗುಜರಿ ಅಂಗಡಿಯ ಫೋಟೋವೇ?" ಎಂದು ನಕ್ಕ. ಅವನು ಇಂಜಿನಿಯರ್. ಅವನ ಮನೆಯಲ್ಲಿ ಜೋಗದ ಕ್ಯಾಲೆಂಡರ್ ಚಿತ್ರಕ್ಕೆ ಚಿನ್ನದ ಬಣ್ಣದ ಚೌಕಟ್ಟು ಹಾಕಿಸಿರುವುದನ್ನು ನಾನು ಕಂಡಿದ್ದೇನೆ. ಅಂದು ಕಾಫಿ ಕೊಟ್ಟು ಕಳುಹಿಸಿದೆ. ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಶೀಲಾ ಗೌಡ ಜನಿಸಿದ್ದು 1957ರಲ್ಲಿ, ನಮ್ಮ ಶಿವಮೊಗ್ಗದ ಪಕ್ಕದ ಭದ್ರಾವತಿಯಲ್ಲಿ. ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ಗಳಲ್ಲಿ ಅಭ್ಯಾಸ ಮಾಡಿದವರು. ಕುಂಚ ಹಿಡಿಯಲು ಬಾರದೆ ಸಗಣಿಗೆ ಕೈಹಾಕಿದವರಲ್ಲ! ಸಗಣಿ, ಕುಂಕುಮ, ದಾರ, ಸೂಜಿಗಳತ್ತ ಅವರು ತಿರುಗಿದ್ದು 1990ರ ದಶಕದಲ್ಲಿ. 2006ರ 'ಡಾರ್ಕ್‌ರೂಮ್' ಡಾಂಬರಿನ ಪೀಪಾಯಿಗಳಿಂದಲೂ ಅವುಗಳನ್ನು ಬಡಿದು ಚಪ್ಪಟೆಯಾಗಿಸಿದ ತಗಡುಗಳಿಂದಲೂ ಕಟ್ಟಿದ ಕೋಣೆ. ಹೊರಗಿನಿಂದ ಅರಮನೆಯ ಕಂಬಸಾಲಿನಂತಿದೆ. ಬಗ್ಗಿ ಒಳಹೊಕ್ಕರೆ ಕತ್ತಲೆ, ಮೇಲಿನ ತಗಡಿನ ಸಣ್ಣ ತೂತುಗಳಲ್ಲಿ ನಕ್ಷತ್ರಗಳು. ರಸ್ತೆ ಕೂಲಿಗಳು ಇಂಥ ತಗಡುಗಳಿಂದಲೇ ಮನೆ ಕಟ್ಟಿಕೊಳ್ಳುವುದನ್ನು ನಾವು ಬಸ್ಸಿನ ಕಿಟಕಿಯಿಂದ ಎಷ್ಟು ಸಲ ನೋಡಿಲ್ಲ? ನೋಡಿದೆವು, ಅಷ್ಟೆ. 2009ರಲ್ಲಿ ವೆನಿಸ್ ಬಿಯೆನಾಲೆಯಲ್ಲಿದ್ದ 'ಬಿಹೋಲ್ಡ್' ಕೃತಿಯಲ್ಲಿ ಸುಮಾರು 4 ಕಿಲೋಮೀಟರ್ ಉದ್ದದ ಕೂದಲಿನ ಹಗ್ಗವಿದೆ, ಕಾರಿನ ಬಂಪರುಗಳಿವೆ. ದೃಷ್ಟಿ ತಾಗದಿರಲೆಂದು ವಾಹನಕ್ಕೆ ಕೂದಲ ಹಗ್ಗ ಕಟ್ಟುವ ನಂಬಿಕೆಯೇ ಅದರ ಮೂಲ. ನಮ್ಮ ಇಂಜಿನಿಯರರ ಕಾರಿನ ಮುಂದೆಯೂ ನಿಂಬೆಹಣ್ಣು ತೂಗುತ್ತಿರುತ್ತದೆ.

ಭದ್ರಾವತಿಯ ಕುಲುಮೆಯೇ ಈ ಕಲಾವಿದೆಯನ್ನು ರೂಪಿಸಿತೆಂದು ನಾನು ಹೇಳಲಾರೆ. ಹುಟ್ಟೂರಿನ ನೆಪದಲ್ಲಿ ಪರರ ಕೀರ್ತಿಗೆ ಪಾಲು ಕೇಳುವುದು ಸಭ್ಯತೆಯಲ್ಲ. ಆದರೆ ಅಂಥ ಕಣ್ಣು ನಮಗೆ ಬೇಕಾಗಿತ್ತು. ನಿಸರ್ಗವು ಚಿತ್ರಕ್ಕೆ, ಕಾರ್ಖಾನೆಯು ಸಂಬಳಕ್ಕೆ ಎಂಬ ವಿಂಗಡಣೆಯನ್ನು ಕಲಿಸಿದವರು ಮೇಷ್ಟ್ರುಗಳಾದ ನಾವೇ. ಎರಡು ಬೆಟ್ಟ, ನಡುವೆ ಸೂರ್ಯ, ಒಂದು ತೆಂಗಿನಮರ: ಭದ್ರಾವತಿಯಿಂದ ಬರುತ್ತಿದ್ದ ಹುಡುಗರೂ ಇದನ್ನೇ ಬರೆದರು, ನಾನೂ ಹತ್ತಕ್ಕೆ ಎಂಟು ಅಂಕ ಕೊಟ್ಟೆ. ಚಿಮಣಿ ಎಲ್ಲಿ ಎಂದು ಒಮ್ಮೆಯೂ ಕೇಳಲಿಲ್ಲ.

1923ರಲ್ಲಿ ಕಬ್ಬಿಣ ಕರಗಿಸತೊಡಗಿದ ಆ ಕಾರ್ಖಾನೆಯ ಹಳೆಯ ಹೆಸರನ್ನು ಗಮನಿಸಿ: ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್. ಕಬ್ಬಿಣಕ್ಕಿಂತ ಮೊದಲು ಮರ! ಮಲೆನಾಡಿನ ಕಾಡು ಇದ್ದಿಲಾಯಿತು, ಕೆಮ್ಮಣ್ಣುಗುಂಡಿಯ ಅದಿರು ಆ ಉರಿಯಲ್ಲಿ ಕರಗಿತು. ಬೆಂಕಿಪುರವೆಂಬ ಹಳೆಯ ಹೆಸರಿನ ಊರಿನಲ್ಲಿ ಕಾಡನ್ನೂ ಕಬ್ಬಿಣವನ್ನೂ ಬೇರೆ ಬೇರೆ ಕಾಗದದ ಮೇಲೆ ಬರೆಯಿಸಿದ ನಮ್ಮ ಪಾಂಡಿತ್ಯಕ್ಕೆ ಏನೆನ್ನಲಿ?

2023ರ ಜನವರಿಯಲ್ಲಿ ಸೈಲ್ ಆಡಳಿತ ಮಂಡಳಿಯು ಕಾರ್ಖಾನೆಯನ್ನು ಮುಚ್ಚಲು ಒಪ್ಪಿಗೆ ನೀಡಿದಾಗ ನಾವೆಲ್ಲ ಉದ್ಯೋಗದ ಮಾತನಾಡಿದೆವು. ಆಡಲೇಬೇಕಾದ ಮಾತದು. ಆದರೆ ಆ ಯಂತ್ರಗಳು ಹೇಗಿದ್ದವು, ಅವುಗಳ ತುಕ್ಕಿನ ಬಣ್ಣ ಯಾವುದು ಎಂದು ಕೇಳಿದರೆ, ಮೂವತ್ತು ವರ್ಷ ಪಕ್ಕದಲ್ಲೇ ಬದುಕಿದ ನನ್ನ ಬಳಿ ಉತ್ತರವಿಲ್ಲ. ಗುಜರಿ ಎಂದು ನಕ್ಕವನ ಬಳಿಯೂ ಇರಲಾರದು.

ಮುಂದಿನ ಸಲ ಬರುವಾಗ ಆತನು ನನ್ನನ್ನು ಕಾರಿನಲ್ಲಿ ಭದ್ರಾವತಿಗೆ ಕರೆದೊಯ್ಯಬೇಕೆಂದು ಈ ಮೂಲಕ ಅಪ್ಪಣೆ. ಚಿತ್ರದ ಪುಸ್ತಕ, ಪೆನ್ಸಿಲ್ ನಾನು ತರುತ್ತೇನೆ. ನಿಂಬೆಹಣ್ಣು ಇರಲಿ, ತೆಗೆಯುವುದು ಬೇಡ.