ಸ್ವಿಚ್ಚಿನ ಬೆಲೆ ಮತ್ತು ಕೂಲಿಯ ಲೆಕ್ಕ

ಮೋಟಾರು ಸೈಕಲ್ಲಿನ ಹ್ಯಾಂಡಲ್ ಮೇಲಿನ ಸ್ವಿಚ್ಚು ಹೆಬ್ಬೆರಳಿನಷ್ಟು ವಸ್ತು. ಅವಧಿಯೊಳಗೆ ಅದು ತಾನಾಗಿ ಕೆಟ್ಟರೆ ಪುಕ್ಕಟೆಯಾಗಿ ಬದಲಿಸಿ ಕೊಡುತ್ತೇವೆಂದು ಕಂಪನಿಯವರು ವಾರಂಟಿ ಪುಸ್ತಕದಲ್ಲಿ ಅಚ್ಚು ಹಾಕಿಸಿರುತ್ತಾರೆ. ಆ ಮಾತನ್ನು ಅವರಿಂದ ನಡೆಸಿಕೊಳ್ಳಲು ಗಿರಾಕಿ ಎಷ್ಟು ದಿನದ ಕೂಲಿ ಕಳೆದುಕೊಳ್ಳಬೇಕೆಂಬುದನ್ನು ಮಾತ್ರ ಅಚ್ಚು ಹಾಕಿಸುವುದಿಲ್ಲ.

ನಮ್ಮೂರ ಗಿರಣಿ ಕೆಲಸಗಾರನೊಬ್ಬನ ಸಂಗತಿ ಕೇಳಿ. ಗಾಡಿಯ ಸಾಲದ ಕಂತು ಇನ್ನೂ ತೀರಿಲ್ಲ. ಮಳೆ ಹಿಡಿದ ಮೇಲೆ ಇಂಜಿನ್ ನಿಲ್ಲಿಸುವ ಕೆಂಪು ಸ್ವಿಚ್ಚು, ಯಾರೂ ಮುಟ್ಟದಿದ್ದರೂ ಇಂಜಿನ್ ನಿಲ್ಲಿಸತೊಡಗಿತು. ರಾತ್ರಿ ಪಾಳಿ ಮುಗಿಸಿ ಬರುವಾಗ ಹೆದ್ದಾರಿಯ ನಡುವೆ ಗಾಡಿ ನಿಂತಿತು, ಹಿಂದೆ ಲಾರಿ. ಚಾಲಕ ಬ್ರೇಕ್ ಹಾಕಿದ್ದರಿಂದ ಉಳಿದ. ಮರುದಿನ ಷೋರೂಮಿನ ಹುಡುಗ ನಾಲ್ಕು ಸಲ ಒತ್ತಿ ನೋಡಿ, “ಸರಿಯಾಗೇ ಇದೆಯಲ್ಲಣ್ಣ” ಎಂದ. ಎರಡನೆಯ ಸಲ, “ನೀರು ಹೊಕ್ಕಿದೆ, ವಾರಂಟಿಗೆ ಬರೋದಿಲ್ಲ.” ಮೂರನೆಯ ಸಲ, “ಮಾಲು ಬಂದಿಲ್ಲ, ಮುಂದಿನ ವಾರ ಬನ್ನಿ.” ಮೂರು ದಿನದ ಕೂಲಿ ಹೋಯಿತು. ಆ ದುಡ್ಡಿಗೆ ಸ್ವಿಚ್ಚನ್ನೇ ಕೊಂಡು ಮಿಗಿಸಬಹುದಿತ್ತು. ಅನೇಕರು ಮಾಡುವುದೂ ಅದನ್ನೇ. ಕಂಪನಿಗೆ ಬೇಕಾದದ್ದೂ ಅದೇ ಎಂದು ನಮಗೆ ಗುಮಾನಿ.

ಆ ಸ್ವಿಚ್ಚಿನೊಳಗೆ ಮಹಾ ವಿದ್ಯೆಯೇನೂ ಇಲ್ಲ. ಒಂದನ್ನೊಂದು ಮುಟ್ಟುವ ಲೋಹದ ತುಣುಕುಗಳು, ಒಂದು ಸ್ಪ್ರಿಂಗು, ತಂತಿ. ತೇವ ಹೊಕ್ಕರೆ ತುಣುಕಿಗೆ ಕಿಲುಬು ಕಟ್ಟುತ್ತದೆ. ರಸ್ತೆಯ ಕುಲುಕಾಟಕ್ಕೆ ಸಂಪರ್ಕ ತಪ್ಪುತ್ತದೆ, ನಿಂತಲ್ಲಿ ಮತ್ತೆ ಕೂಡುತ್ತದೆ. ಷೋರೂಮಿನ ಅಂಗಳದಲ್ಲಿ ನೆಟ್ಟಗೆ ಕಂಡದ್ದು ಹೆದ್ದಾರಿಯಲ್ಲಿ ಕೈಕೊಡುವುದು ಇದರಿಂದಲೇ. ಮಳೆಗಾಲದಲ್ಲೂ ಓಡಿಸಲೆಂದು ಮಾರಿದ ಗಾಡಿಗೆ ಮಳೆನೀರು ಹೊಕ್ಕರೆ ಅದು ಗಿರಾಕಿಯ ಅಪರಾಧವೇ? ಆದರೆ ಒಂದು ಮಾತು: ಮೂಲ ತಂತಿ ಕತ್ತರಿಸಿ ದೊಡ್ಡ ಹಾರನ್ನು, ಬಣ್ಣದ ದೀಪ ಜೋಡಿಸಿಕೊಂಡವನಿಗೆ ಕಂಪನಿ ಇಲ್ಲವೆಂದರೆ ನಾವು ವಾದಿಸಲಾರೆವು. ವಾರಂಟಿ ಮುಗಿಯುವವರೆಗೆ ತಂತಿಗೆ ಕತ್ತರಿ ಬೇಡ.

ಷೋರೂಮಿನ ಹುಡುಗನ ಮೇಲೆ ಕೂಗಾಡಿ ಫಲವಿಲ್ಲ. ಅವನೂ ಸಂಬಳದವನೇ, ಮೇಲಿನವರು ಕಲಿಸಿದ್ದನ್ನು ಒಪ್ಪಿಸುತ್ತಾನೆ. ಕೇಳಬೇಕಾದದ್ದು ಜಾಬ್ ಕಾರ್ಡು. ಎಷ್ಟು ಕಿಲೋಮೀಟರಿಗೆ, ಯಾವ ದಿನ, ಏನು ಕೆಟ್ಟಿತೆಂದು ನಿಮ್ಮ ಮಾತಿನಲ್ಲೇ ಬರೆಸಿ ಪ್ರತಿ ಪಡೆಯಿರಿ. “ಸಾಮಾನ್ಯ ತಪಾಸಣೆ” ಎಂದು ಬರೆದರೆ ರುಜು ಹಾಕಬೇಡಿ. ವಾರಂಟಿ ಇಲ್ಲವೆಂದರೆ ಕಾರಣ ಬರೆದುಕೊಡಿ ಎನ್ನಿ. ಬಾಯಲ್ಲಿ ಗಟ್ಟಿಯಾಗಿದ್ದ ಎಷ್ಟೋ ಕಾರಣಗಳು ಕಾಗದದ ಮೇಲೆ ಇಳಿಯಲು ಹಿಂಜರಿಯುತ್ತವೆ.

ಅಲ್ಲಿಗೂ ಬಗ್ಗದಿದ್ದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಹೇಳಬಹುದು. ಅದಕ್ಕೂ ಮೇಲೆ ಜಿಲ್ಲಾ ಗ್ರಾಹಕ ಆಯೋಗವಿದೆ. 1986ರ ಕಾಯಿದೆಯ ಬದಲು ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಅದರಂತೆ ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ, 2 ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರೇ ಬೇಕೆಂದಿಲ್ಲ. ಎದುರು ಪಕ್ಷಕ್ಕೆ ನೋಟೀಸು ಮುಟ್ಟಿದ 3 ತಿಂಗಳಲ್ಲಿ, ವಸ್ತುವಿನ ಪರೀಕ್ಷೆ ಬೇಕಾದರೆ 5 ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕೆಂದು ಕಾಯಿದೆ ಹೇಳುತ್ತದೆ. ಹೇಳುವುದೇನೋ ಹೇಳುತ್ತದೆ, ಕಚೇರಿಗಳ ಮೆಟ್ಟಿಲು ಹತ್ತಿದವರು ಮುಗುಳ್ನಕ್ಕಾರು.

ಸಣ್ಣ ವ್ಯಾಪಾರಿಗಳಿಗೆ ಇನ್ನೊಂದು ಅಡ್ಡಮಾತು ಕಾದಿರುತ್ತದೆ: “ನೀವು ವ್ಯಾಪಾರಕ್ಕೆ ಬಳಸುತ್ತೀರಿ, ನೀವು ಗ್ರಾಹಕರೇ ಅಲ್ಲ.” ಇದಕ್ಕೆ ಹೆದರಬೇಕಾಗಿಲ್ಲ. ತನ್ನ ಜೀವನೋಪಾಯಕ್ಕೆಂದೇ ಸ್ವಂತ ದುಡಿಮೆಯಲ್ಲಿ ಬಳಸುವ ವಸ್ತುವನ್ನು ಆ ಕಾಯಿದೆ ವಾಣಿಜ್ಯದ ಬಳಕೆಯೆಂದು ಎಣಿಸುವುದಿಲ್ಲ. ಸಂತೆಯಿಂದ ಸಂತೆಗೆ ಬಟ್ಟೆಯ ಗಂಟು ಹೊತ್ತು ಹೊಟ್ಟೆ ಹೊರೆಯುವವನು ಗ್ರಾಹಕನೇ.

ಒಬ್ಬೊಬ್ಬನೇ ಅಲೆಯುವುದರಿಂದಲೇ ಈ ಆಟ ನಡೆಯುತ್ತಿರುವುದು. ಒಂದೇ ಹಿತಾಸಕ್ತಿಯ ಅನೇಕ ಗ್ರಾಹಕರು ಆಯೋಗದ ಅನುಮತಿ ಪಡೆದು ಒಂದೇ ದೂರು ಕೊಡಲು ಕಾಯಿದೆಯಲ್ಲಿ ಅವಕಾಶವಿದೆ. ಕಾರ್ಮಿಕ ಸಂಘದ ಕಚೇರಿಯಲ್ಲಿ, ವರ್ತಕರ ಸಂಘದಲ್ಲಿ ಒಂದೊಂದು ನೋಟುಬುಕ್ಕು ಇಡೋಣ: ಯಾವ ಮಾದರಿಯ ಗಾಡಿ, ಯಾವ ಸ್ವಿಚ್ಚು, ಎಷ್ಟು ಸಲ ತಿರುಗಾಡಿಸಿದರು, ಏನು ನೆವ ಹೇಳಿದರು. ಒಂದೇ ಮಾದರಿಯ ಹತ್ತು ಗಾಡಿಗಳ ಲೆಕ್ಕ ಕೂಡಿದ ಮೇಲೆ ನೀರಿನ ನೆವ ಅಷ್ಟು ಸುಲಭವಾಗಿ ನಿಲ್ಲಲಾರದು. ನಷ್ಟಕ್ಕೆ ಪರಿಹಾರ ಕೊಡಿಸುವ ಅಧಿಕಾರ ಆಯೋಗಕ್ಕಿದೆ. ಆದ್ದರಿಂದ ದೂರಿನಲ್ಲಿ ಸ್ವಿಚ್ಚಿನ ಬೆಲೆಯ ಕೆಳಗೆ, ಹೋದ ಕೂಲಿಯನ್ನೂ ಮುಚ್ಚಿದ ಅಂಗಡಿಯ ದಿನಗಳನ್ನೂ ತಾರೀಖು ಸಹಿತ ಬರೆಯಬೇಕು.